ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್: ವರ್ಷಗಟ್ಟಲೆ ಓಡಾಡಿದ ಮೇಲೆ

ಕೆಲಸ ಬೆಂಗಳೂರಿನಲ್ಲಿ, ಮನೆ ಕುಮಟಾದಲ್ಲಿ. ಇಂಥವರಿಗೆ ಪಂಚಗಂಗಾಕ್ಕಿಂತ ಒಳ್ಳೆಯ ದಾರಿ ಸದ್ಯಕ್ಕೆ ಇನ್ನೊಂದಿಲ್ಲ. ಸಂಜೆ ಏಳರ ಆಸುಪಾಸಿಗೆ ಮೆಜೆಸ್ಟಿಕ್ ಬಿಟ್ಟರೆ ಬೆಳಗಿನ ತಿಂಡಿ ಹೊತ್ತಿಗೆ ಊರಲ್ಲಿ ಇರಬಹುದು. ಶುಕ್ರವಾರ ಆಫೀಸು ಮುಗಿಸಿ ಹತ್ತಿ, ಶನಿವಾರ ಪೂರ್ತಿ ಮನೆಯವರ ಜೊತೆ ಕಳೆದು, ಭಾನುವಾರ ಸಂಜೆ ವಾಪಸ್ ಹೊರಡಬಹುದು. ರಜೆ ಹಾಕದೆ ಅಪ್ಪ ಅಮ್ಮನನ್ನು ನೋಡಿ ಬರುವುದು ಸಾಧ್ಯವಾಗಿದ್ದು ಈ ರೈಲಿನಿಂದ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೂ ಈಗಿಗೂ ಏನು ವ್ಯತ್ಯಾಸ ಅಂತ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಮುಂಚಿನ ಕಾರವಾರದ ರೈಲು ಮಂಗಳೂರು ಸೆಂಟ್ರಲ್ ಒಳಗೆ ಹೋಗುತ್ತಿತ್ತು. ಅಲ್ಲಿ ಎಂಜಿನ್ ಈ ತುದಿಯಿಂದ ಆ ತುದಿಗೆ ಬದಲಾಗಬೇಕು. ಆಮೇಲೆ ಬಂದ ದಿಕ್ಕಿಗೇ ತಿರುಗಿ ಕೊಂಕಣ ರೈಲ್ವೆ ಹಳಿ ಹಿಡಿಯಬೇಕು. ಉಡುಪಿಯಿಂದ ಮೇಲಿನವರಿಗೆಲ್ಲ ಅಷ್ಟೂ ಹೊತ್ತು ಸುಮ್ನೆ ಕೂರುವ ಶಿಕ್ಷೆ. ಪಂಚಗಂಗಾ ಮಂಗಳೂರಿನ ನಿಲ್ದಾಣಗಳಿಗೆ ಹೋಗುವುದೇ ಇಲ್ಲ. ಪಡೀಲಿನಲ್ಲಿ ಬೈಪಾಸ್ ಹಿಡಿದು ನೇರ ಸುರತ್ಕಲ್ ಕಡೆ ಹೊರಟುಬಿಡುತ್ತದೆ. ಕರಾವಳಿಯ ಪ್ರಯಾಣಿಕರ ಸಮಿತಿಗಳು ವರ್ಷಗಟ್ಟಲೆ ಮನವಿ ಕೊಟ್ಟು, ಬೆನ್ನು ಬಿಡದೆ ಕೇಳಿದ್ದು ಇದನ್ನೇ. 2020ರ ಮಾರ್ಚ್‌ನಲ್ಲಿ ರೈಲು ಶುರುವಾಯಿತು, ಆದರೆ ಕೆಲವೇ ದಿನಕ್ಕೆ ಲಾಕ್‌ಡೌನ್ ಬಂತು. ಗಂಗೊಳ್ಳಿಯ ಹತ್ತಿರ ಸಮುದ್ರ ಸೇರುವ ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ, ಈ ಐದು ಹೊಳೆಗಳ ಹೆಸರು ಅದಕ್ಕೆ. ಕೇಳಿ ಪಡೆದ ರೈಲಿಗೆ ನಮ್ಮ ಕಡೆಯದೇ ಹೆಸರು ಸಿಕ್ಕಿದ್ದು ನನಗಂತೂ ತುಂಬಾ ಖುಷಿ.

ಹಾಸನ ದಾಟುವಷ್ಟರಲ್ಲಿ ಬೋಗಿಯ ಲೈಟುಗಳು ಆರುತ್ತವೆ. ನಿದ್ದೆ ಬರದವರು ಸಕಲೇಶಪುರದವರೆಗೆ ಎಚ್ಚರ ಇದ್ದು ನೋಡಿ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. 50 ಮೀಟರ್ ಹೋದರೆ ಒಂದು ಮೀಟರ್ ಇಳಿಯುವಷ್ಟು ಕಡಿದಾದ ಹಳಿ. ರೈಲು ಗಂಟೆಗೆ 30 ಕಿಲೋಮೀಟರ್ ದಾಟದೆ ತೆವಳುತ್ತದೆ. ಸುರಂಗದೊಳಗೆ ಹೋದ ಕೂಡಲೇ ಚಕ್ರದ ಸದ್ದು ದಪ್ಪಗಾಗುತ್ತದೆ, ಹೊರಗೆ ಬಂದ ಕೂಡಲೇ ಜೀರುಂಡೆ ಸದ್ದು ಕೇಳುತ್ತದೆ. ಮಳೆಗಾಲದಲ್ಲಿ ಎಡಕುಮೇರಿಯ ಹತ್ತಿರ ಕಿಟಕಿಯಿಂದ ನೋಡಿದರೆ ರೇನ್‌ಕೋಟ್ ಹಾಕಿಕೊಂಡ ಗ್ಯಾಂಗ್‌ಮ್ಯಾನ್ ಒಬ್ಬರು ಗುಡ್ಡಕ್ಕೆ ಒತ್ತಿ ನಿಂತು, ಹಳಿ ಪಕ್ಕ ಟಾರ್ಚ್ ಹಿಡಿದಿರುತ್ತಾರೆ. ಆ ನಡುರಾತ್ರಿ, ಆ ಮಳೆಯಲ್ಲಿ, ಸುತ್ತ ಒಂದು ಮನೆಯೂ ಇಲ್ಲದ ಜಾಗದಲ್ಲಿ ಅವರು ನಡೆದು ಹಳಿ ಪರೀಕ್ಷೆ ಮಾಡುವುದರಿಂದಲೇ ನಾವು ಹೊದ್ದು ಮಲಗಿ ಹೋಗುತ್ತೇವೆ. ಘಾಟಿಯಲ್ಲಿ ತಡವಾಯಿತು ಅಂತ ನಾನು ಗೊಣಗುವುದಿಲ್ಲ.

ಆದರೆ ಮಳೆಗಾಲದಲ್ಲಿ ಈ ರೈಲನ್ನೇ ನೆಚ್ಚಿಕೊಂಡು ಮದುವೆ, ಇಂಟರ್‌ವ್ಯೂ ಇಟ್ಟುಕೊಳ್ಳಬೇಡಿ. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು, ರೈಲು ಓಡಾಟ ನಿಂತಿತು. ಅಂಥ ಮಳೆಯಲ್ಲಿ ಶಿರಾಡಿ ಘಾಟಿಯ ರಸ್ತೆಯೂ ಕೈ ಕೊಡುತ್ತದೆ. ಜೊತೆಗೆ ಕೊಂಕಣ ರೈಲ್ವೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದ ವೇಳಾಪಟ್ಟಿ ಬೇರೆ ಇರುತ್ತದೆ, ವೇಗ ಕಡಿಮೆ. ಹೊರಡುವ ದಿನ ಸಮಯ ಇನ್ನೊಮ್ಮೆ ನೋಡಿಕೊಳ್ಳಿ.

ಊಟ ಕಟ್ಟಿಕೊಂಡೇ ಹತ್ತುವುದು ವಾಸಿ. ಚಿತ್ರಾನ್ನ, ಚಪಾತಿ ಪಲ್ಯ ಯಾವುದಾದರೂ ಸರಿ.

ಬೆಳಗಿನ ಭಾಗ ಮಾತ್ರ ಮಲಗಿ ಕಳೆಯಬೇಡಿ. ಉಡುಪಿ, ಕುಂದಾಪುರದವರು ಕತ್ತಲಲ್ಲೇ ಇಳಿದುಹೋಗುತ್ತಾರೆ. ಬೋಗಿ ಅರ್ಧ ಖಾಲಿ. ಭಟ್ಕಳ, ಮುರ್ಡೇಶ್ವರ ದಾಟಿದ ಮೇಲೆ ಹೊನ್ನಾವರಕ್ಕೆ ಮುಂಚೆ ಶರಾವತಿ ಸೇತುವೆ ಬರುತ್ತದೆ. ಎರಡು ಕಿಲೋಮೀಟರಿಗಿಂತ ಉದ್ದ, ಇಡೀ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಹೋಗುವ ದಿಕ್ಕಿಗೆ ಎಡಗಡೆ ಅಳಿವೆ, ಬಲಗಡೆ ಹಿನ್ನೀರು ಮತ್ತು ಬೆಟ್ಟ. ಕುಮಟಾದಿಂದ ಮುಂದೆ ಹೋಗುವವರಿಗೆ ಅಘನಾಶಿನಿ, ಗಂಗಾವಳಿ ಎರಡೂ ಸಿಗುತ್ತವೆ. ನಾನು ಇಲ್ಲೇ ಇಳಿಯುವವನು, ಆದರೂ ಒಮ್ಮೆ ಕಾರವಾರದವರೆಗೆ ಹೋಗಿ ಬರುವುದು ಬಿಡಬಾರದು ಅಂತ ಎಲ್ಲರಿಗೂ ಹೇಳುತ್ತೇನೆ.

ಇನ್ನು ಕೊರತೆಗಳು. ದೊಡ್ಡದು ರೈಲಿನ ಒಳಗಲ್ಲ, ಇಳಿದ ಮೇಲೆ. ಕರಾವಳಿಯ ನಿಲ್ದಾಣಗಳು ಎಷ್ಟೋ ಕಡೆ ಪೇಟೆಯಿಂದ ದೂರ. ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ, ಕಾರವಾರದ್ದು ಶಿರವಾಡದಲ್ಲಿ. ಗೋಕರ್ಣ ರೋಡ್ ಅಂತ ಹೆಸರಿದೆ, ಗೋಕರ್ಣ ಮಾತ್ರ ಇನ್ನೂ ಸುಮಾರು 10 ಕಿಲೋಮೀಟರ್. ಕೊಲ್ಲೂರಿಗೆ ಹೋಗುವವರು ಮೂಕಾಂಬಿಕಾ ರೋಡ್ ಬೈಂದೂರಿನಲ್ಲಿ ಇಳಿದು ಮತ್ತೆ ದೂರ ಹೋಗಬೇಕು. ನಸುಕಿನಲ್ಲಿ ಇಳಿದವರಿಗೆ ಬಸ್ಸಿಲ್ಲ, ಇರುವ ಆಟೊದವರು ಹೇಳಿದ್ದೇ ರೇಟು. ಚಿಕ್ಕ ಮಕ್ಕಳು, ಲಗೇಜು, ವಯಸ್ಸಾದವರು ಜೊತೆಗಿದ್ದರೆ ಈ ಕೊನೆಯ ಐದು ಕಿಲೋಮೀಟರೇ ರಾತ್ರಿಯ ಪ್ರಯಾಣಕ್ಕಿಂತ ಜಾಸ್ತಿ ಸುಸ್ತು. ರೈಲು ಬರುವ ಹೊತ್ತಿಗೆ ಒಂದೊಂದು ನಿಲ್ದಾಣಕ್ಕೆ ಒಂದೊಂದು ಬಸ್ಸು ಬಿಟ್ಟರೂ ಸಾಕು. ಇದಕ್ಕೆ ಕೋಟಿ ರೂಪಾಯಿ ಬೇಡ, ಎರಡು ಇಲಾಖೆಯವರು ಕೂತು ಮಾತಾಡಿದರೆ ಆಯಿತು. ಊರಿನ ಆಟೊದವರೊಬ್ಬರ ನಂಬರ್ ಇಟ್ಟುಕೊಂಡು ಹಿಂದಿನ ರಾತ್ರಿಯೇ ಹೇಳಿಬಿಡಿ, ಸದ್ಯಕ್ಕೆ ಅದೇ ಉಪಾಯ.

ಎರಡನೆಯದು ಸೀಟು. ಚೌತಿ, ದೀಪಾವಳಿ, ಬೇಸಿಗೆ ರಜೆ ಬಂತೆಂದರೆ ಸ್ಲೀಪರ್ ಇರಲಿ, ಥರ್ಡ್ ಎಸಿಯೂ ವೇಟಿಂಗ್ ಲಿಸ್ಟ್. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಹಬ್ಬಕ್ಕೆ ಹೊರಡುವ ದಿನದಿಂದ 60 ದಿನ ಹಿಂದಕ್ಕೆ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ಬೆಳಗ್ಗೆ ಎಂಟಕ್ಕೇ ಕೂರಬೇಕು. ತಪ್ಪಿದರೆ ತತ್ಕಾಲ್: ಎಸಿಗೆ ಹಿಂದಿನ ದಿನ ಹತ್ತು ಗಂಟೆ, ಸ್ಲೀಪರ್‌ಗೆ ಹನ್ನೊಂದು. ಅದೂ ತಪ್ಪಿದರೆ ಹಬ್ಬದ ವಾರದ ಬಸ್ ರೇಟು ಕೇಳುವ ಹಾಗೇ ಇರುವುದಿಲ್ಲ. ಕೂಲಿ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ ನಮ್ಮ ಕಡೆಯ ಹುಡುಗರಿಗೆ ಆ ದುಡ್ಡು ಎಲ್ಲಿಂದ ಬರಬೇಕು? ಪಂಚಗಂಗಾ ಇನ್ನೂ ವೇಗವಾಗಿ ಓಡಲಿ ಅಂತ ನಾನು ಕೇಳುವುದಿಲ್ಲ. ಇದೇ ದಾರಿಯಲ್ಲಿ ಇಂಥದ್ದೇ ಇನ್ನೊಂದು ರಾತ್ರಿ ರೈಲು ಬೇಕು, ಅದರಲ್ಲಿ ಸ್ಲೀಪರ್ ಬೋಗಿಗಳು ಜಾಸ್ತಿ ಇರಬೇಕು.