ಏಮಿಯ ದಾರಿಯೋ, ಕ್ಯಾಮ್ರಿನ್ ದಾರಿಯೋ? ಎರಡು ಪ್ರಯಾಣದ ಪ್ರೇಮಕಥೆಗಳು

ಮೊದಲೇ ಹೇಳಿಬಿಡುತ್ತೇನೆ: ನನ್ನ ಮತ ಮಾರ್ಗನ್ ಮ್ಯಾಟ್ಸನ್ ಅವರ ‘ಏಮಿ ಆಂಡ್ ರೋಜರ್ಸ್ ಎಪಿಕ್ ಡಿಟೂರ್’ ಕಾದಂಬರಿಗೆ. 2010ರಲ್ಲಿ ಬಂದ ಈ ಪುಸ್ತಕ ನನಗೆ ಸಿಕ್ಕಿದ್ದು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ, ಅರ್ಧಕ್ಕಿಂತ ಕಡಿಮೆ ಬೆಲೆಗೆ. ಓದಿ ಮುಗಿಸಿದ ಮೇಲೆ ಅದೇ ಜಾತಿಯ ಇನ್ನೊಂದು ಬೇಕೆನಿಸಿತು. ಹರೆಯದವರ ಪ್ರಯಾಣ, ಪ್ರೇಮ, ತಮ್ಮನ್ನು ತಾವು ಹುಡುಕಿಕೊಳ್ಳುವ ಕಥೆ ಎಂದು ವಿಚಾರಿಸಿದಾಗ ಮತ್ತೆ ಮತ್ತೆ ಕೇಳಿಬಂದ ಹೆಸರು ಜೆ. ಎ. ರೆಡ್ಮರ್ಸ್ಕಿ ಅವರ ‘ದಿ ಎಡ್ಜ್ ಆಫ್ ನೆವರ್’. 2012ರಲ್ಲಿ ಲೇಖಕಿ ಸ್ವತಃ ಪ್ರಕಟಿಸಿ, ಓದುಗರೇ ಗೆಲ್ಲಿಸಿ, ಆಮೇಲೆ ದೊಡ್ಡ ಪ್ರಕಾಶಕರ ಕೈಗೆ ಹೋದ ಪುಸ್ತಕ. ಅದನ್ನು ಪೂರ್ತಿ ಬೆಲೆ ತೆತ್ತು ಹೊಸ ಪ್ರತಿಯನ್ನೇ ತರಿಸಿಕೊಂಡೆ. ಎರಡನ್ನೂ ಒಂದರ ಬೆನ್ನಿಗೊಂದು ಓದಿದ್ದರಿಂದ ವ್ಯತ್ಯಾಸ ಚೆನ್ನಾಗಿ ಕಂಡಿತು.

ಎರಡರ ಹೂರಣವೂ ಮೇಲ್ನೋಟಕ್ಕೆ ಒಂದೇ. ಒಬ್ಬ ಹುಡುಗಿ, ಅವಳ ಮನೆಯಲ್ಲಿ ಅಥವಾ ಮನಸ್ಸಿನಲ್ಲಿ ಒಂದು ಸಾವು, ಜೊತೆಗೆ ಸರಿಯಾಗಿ ಪರಿಚಯವಿಲ್ಲದ ಹುಡುಗ, ಮುಂದೆ ಅಮೆರಿಕದ ಉದ್ದನೆಯ ಹೆದ್ದಾರಿ. ಏಮಿಯ ತಂದೆ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಅಮ್ಮ ಆಗಲೇ ಕನೆಕ್ಟಿಕಟ್‌ಗೆ ಹೋಗಿಯಾಗಿದೆ, ಮನೆಯ ಕಾರು ಮಾತ್ರ ಕ್ಯಾಲಿಫೋರ್ನಿಯಾದಲ್ಲಿ ಉಳಿದಿದೆ. ಏಮಿ ಕಾರು ಓಡಿಸುವುದಿಲ್ಲ. ಆದ್ದರಿಂದ ಫಿಲಡೆಲ್ಫಿಯಾದಲ್ಲಿರುವ ತನ್ನ ತಂದೆಯ ಬಳಿಗೆ ಹೊರಟ ಹತ್ತೊಂಬತ್ತರ ರೋಜರ್ ಚಾಲಕನಾಗುತ್ತಾನೆ. ಇತ್ತ ಇಪ್ಪತ್ತರ ಕ್ಯಾಮ್ರಿನ್, ಪ್ರಿಯಕರನನ್ನು ಅಪಘಾತದಲ್ಲಿ ಕಳೆದುಕೊಂಡವಳು, ಗೆಳತಿಯೊಂದಿಗೂ ಮನಸ್ತಾಪವಾಗಿ ನಾರ್ತ್ ಕ್ಯಾರೊಲಿನಾದಿಂದ ಐಡಹೋಗೆ ಬಸ್ ಹತ್ತುತ್ತಾಳೆ. ಅದೇ ಬಸ್ಸಿನಲ್ಲಿ ಆಂಡ್ರ್ಯೂ ಇದ್ದಾನೆ. ಅವನ ತಂದೆ ವಯೋಮಿಂಗ್‌ನ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾರೆ.

ಏಮಿಯ ಪುಸ್ತಕ ನನ್ನನ್ನು ಗೆದ್ದದ್ದು ದಾರಿಯಿಂದಲೇ. ಅಮ್ಮ ನಾಲ್ಕು ದಿನಗಳ ಪ್ರಯಾಣಕ್ಕೆ ಲೆಕ್ಕ ಹಾಕಿ ಹೋಟೆಲುಗಳನ್ನೂ ಕಾದಿರಿಸಿರುತ್ತಾಳೆ. ಮಕ್ಕಳಿಬ್ಬರೂ ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಹೋಗುವುದು ಯೊಸೆಮಿಟಿಗೆ, ಅಲ್ಲಿಂದ ನೆವಾಡಾದ 50ನೇ ಹೆದ್ದಾರಿಗೆ. ‘ಲೈಫ್’ ಪತ್ರಿಕೆ 1986ರಲ್ಲಿ ಇದನ್ನು ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು ಕರೆದಿತ್ತು. ಹೀಗಳೆಯಲು ಬಂದ ಆ ಹೆಸರನ್ನೇ ನೆವಾಡಾದವರು ಹಣೆಪಟ್ಟಿಯಾಗಿ ಹಚ್ಚಿಕೊಂಡು ಪ್ರವಾಸಿಗರನ್ನು ಕರೆದರು. ಆಸ್ಟಿನ್, ಯುರೇಕಾ, ಈಲಿ ಎಂಬ ಪುಟ್ಟ ಊರುಗಳ ನಡುವೆ ಗಂಟೆಗಟ್ಟಲೆ ಬಟ್ಟ ಬಯಲು ಮತ್ತು ಬೆಟ್ಟದ ಸಾಲು. ಯಾರೊಂದಿಗೂ ಮಾತು ಬೇಡವೆಂದು ಬಾಯಿ ಕಟ್ಟಿಕೊಂಡ ಹುಡುಗಿಯನ್ನು ಇಂಥ ರಸ್ತೆಗೆ ತಂದು ಕೂರಿಸಿದಾಗ ಅವಳಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ನೋಡಲು ಏನೂ ಇಲ್ಲದಾಗ ಪಕ್ಕದವನೊಂದಿಗೆ ಮಾತಾಡಲೇಬೇಕು. ಇಲ್ಲಿ ಭೂಗೋಳವೂ ಕಥೆಯ ಕೆಲಸ ಮಾಡುತ್ತದೆ. ಮೆಂಫಿಸ್‌ನ ಗ್ರೇಸ್‌ಲ್ಯಾಂಡ್ ಕೂಡ ಹಾಗೆಯೇ. ಎಲ್ವಿಸ್ ಪ್ರೀಸ್ಲಿ 1957ರಲ್ಲಿ ಕೊಂಡ, 1982ರಿಂದ ಜನರಿಗೆ ತೆರೆದಿರುವ ಆ ಮನೆ ಪ್ರವಾಸಿಗರಿಗೆ ಒಂದು ತಾಣ ಅಷ್ಟೇ. ಆದರೆ ಎಲ್ವಿಸ್ ಹಾಡುಗಳನ್ನು ಪ್ರೀತಿಸಿದ ಅಪ್ಪನನ್ನು ಕಳೆದುಕೊಂಡ ಏಮಿಗೆ ಅದರ ಬಾಗಿಲು ದಾಟುವುದು ಬೇರೆಯೇ ಸಂಗತಿ.

ಪುಸ್ತಕದ ಒಳಗೆ ಅಲ್ಲಲ್ಲಿ ರೋಜರ್ ಮಾಡಿದ ಹಾಡುಗಳ ಪಟ್ಟಿ, ಅಂಗಡಿಯ ರಸೀದಿ, ಫೋಟೋ, ಕೈಬರಹದ ಟಿಪ್ಪಣಿಗಳನ್ನು ಹಾಗೆಯೇ ಅಚ್ಚು ಹಾಕಿದ್ದಾರೆ. ಯಾರೋ ನಿಜವಾಗಿ ಪ್ರಯಾಣ ಮಾಡಿ ಅಂಟಿಸಿಟ್ಟ ನೋಟ್‌ಬುಕ್ ಕೈಗೆ ಸಿಕ್ಕಂತಿರುತ್ತದೆ. ರಸೀದಿಯಲ್ಲಿ ಏನು ಕೊಂಡರು ಎಂಬುದನ್ನು ನೋಡಿಯೇ ಇಬ್ಬರ ಸಲುಗೆ ಎಲ್ಲಿಗೆ ಬಂತು ಎಂದು ತಿಳಿಯುತ್ತದೆ.

ಇನ್ನು ನನ್ನನ್ನು ಕಾಡಿದ ವಿಷಯ. ಇದನ್ನು ಕಥೆಯ ಗುಟ್ಟು ಬಿಡಿಸದೆ ಹೇಳಲಾಗದು. ಮೊದಲೇ ತಿಳಿಯುವುದು ಬೇಡ ಎನ್ನುವವರು ಮುಂದಿನ ನಾಲ್ಕು ಪ್ಯಾರಾಗಳನ್ನು ಬಿಟ್ಟು ಓದಿ.

ಎರಡೂ ಕಾದಂಬರಿಗಳು ಓದುಗರಿಂದ ಒಂದು ಸಂಗತಿಯನ್ನು ಮುಚ್ಚಿಡುತ್ತವೆ. ಅಪಘಾತದ ದಿನ ಕಾರು ಓಡಿಸುತ್ತಿದ್ದವಳು ಏಮಿಯೇ. ಅದು ಅವಳ ಬಾಯಿಂದ ಕೂಡಲೇ ಬರುವುದಿಲ್ಲ. ಮೂರು ತಿಂಗಳ ಹಿಂದಿನ ಆ ದಿನಕ್ಕೆ ಕಥೆ ಆಗಾಗ ಹಿಂದಿರುಗಿ, ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಹತ್ತಿರವಾಗುತ್ತದೆ. ಆದರೂ ನನಗೆ ಮೋಸ ಹೋದಂತೆ ಅನಿಸಲಿಲ್ಲ. ಏಕೆಂದರೆ ಅವಳು ನಮ್ಮಿಂದ ಮಾತ್ರವಲ್ಲ, ತನ್ನಿಂದಲೂ ಅದನ್ನು ಬಚ್ಚಿಡುತ್ತಿದ್ದಾಳೆ. ಜೊತೆಗೆ ಸುಳಿವು ಮೊದಲ ಪುಟಗಳಿಂದಲೇ ಕಣ್ಣೆದುರಿಗಿದೆ: ಓಡಿಸಲು ಬರುತ್ತದೆ, ಆದರೆ ಓಡಿಸುವುದಿಲ್ಲ. ದೇಶದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಪಕ್ಕದ ಸೀಟಿನಲ್ಲಿ ಕೂತವಳು ಏಕೆ ಕೂತಿದ್ದಾಳೆ ಎಂಬ ಪ್ರಶ್ನೆ ಓದುಗರನ್ನು ಬಿಡುವುದೇ ಇಲ್ಲ.

‘ದಿ ಎಡ್ಜ್ ಆಫ್ ನೆವರ್’ನಲ್ಲಿ ಮುಚ್ಚಿಟ್ಟದ್ದು ಆಂಡ್ರ್ಯೂನ ಕಾಯಿಲೆ. ತಂದೆಯನ್ನು ಬಲಿ ತೆಗೆದುಕೊಂಡ ಮಿದುಳಿನ ಗೆಡ್ಡೆ ಮಗನಿಗೂ ಇದೆ. ಕ್ಯಾಮ್ರಿನ್‌ಗೆ ಅವನು ಹೇಳದಿರುವುದು ಸರಿ, ಅದು ಅವನ ಭಯ. ನನ್ನ ತಕರಾರು ಬೇರೆ. ಈ ಕಾದಂಬರಿಯ ಅಧ್ಯಾಯಗಳನ್ನು ಒಮ್ಮೆ ಕ್ಯಾಮ್ರಿನ್, ಒಮ್ಮೆ ಆಂಡ್ರ್ಯೂ, ಇಬ್ಬರೂ ‘ನಾನು’ ಎಂದೇ ಹೇಳುತ್ತಾರೆ. ಅಂದರೆ ಅವನ ತಲೆಯೊಳಗೇ ನಮ್ಮನ್ನು ಕೂರಿಸಿದ್ದಾರೆ. ಅವಳ ಕಣ್ಣು, ನಗು, ಕೋಪ, ಆಸೆ, ಎಲ್ಲವನ್ನೂ ಅವನು ನಮಗೆ ಬಿಡಿಸಿ ಹೇಳುತ್ತಾನೆ. ರಾತ್ರಿ ಹಗಲು ಅವನನ್ನು ಕೊರೆಯುತ್ತಿರಲೇಬೇಕಾದ ಒಂದೇ ಒಂದು ಸಂಗತಿ ಬಂದಾಗ ಮಾತು ಅಲ್ಲಿಗೇ ನಿಲ್ಲುತ್ತದೆ. ಏನೋ ಇದೆ ಎಂಬ ಸೂಚನೆ ಸಿಗುತ್ತದೆ, ಹೆಸರು ಮಾತ್ರ ಇಲ್ಲ. ಸಾವನ್ನು ಬೆನ್ನಿಗೆ ಕಟ್ಟಿಕೊಂಡ ಮನುಷ್ಯನ ಮನಸ್ಸು ಹೀಗೆ ಅಧ್ಯಾಯಗಟ್ಟಲೆ ಅದರ ಸುತ್ತ ಮಾತ್ರ ಸುಳಿಯುತ್ತದೆ ಎಂದರೆ ನನಗೆ ನಂಬಿಕೆ ಬರಲಿಲ್ಲ. ಗುಟ್ಟು ಬಯಲಾದಾಗ ಅಳು ಬಂದದ್ದು ನಿಜ. ಅಳು ನಿಂತ ಮೇಲೆ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಅವನ ಅಧ್ಯಾಯಗಳು ಅಷ್ಟು ಹೊತ್ತು ನನ್ನೊಂದಿಗೆ ಪ್ರಾಮಾಣಿಕವಾಗಿರಲಿಲ್ಲ ಎಂದು ಬೇಸರವಾಯಿತು.

ದಾರಿ ಎರಡಿದ್ದವು. ಅವನ ಅಧ್ಯಾಯಗಳೇ ಇಲ್ಲದೆ ಇಡೀ ಕಥೆಯನ್ನು ಕ್ಯಾಮ್ರಿನ್ ಹೇಳಬಹುದಿತ್ತು. ಆಗ ಅವಳಿಗೆ ಬಿದ್ದ ಪೆಟ್ಟು ನಮಗೂ ಬೀಳುತ್ತಿತ್ತು. ಇಲ್ಲವೇ ಆಂಡ್ರ್ಯೂ ಮೊದಲಲ್ಲೇ ನಮಗೆ ನಿಜ ಹೇಳಬಹುದಿತ್ತು. ಹಾಗಾಗಿದ್ದರೆ ನ್ಯೂ ಆರ್ಲಿಯನ್ಸ್‌ನಲ್ಲಿ ಇಬ್ಬರೂ ಸೇರಿ ಹಾಡುವ ಸಂಜೆಗಳ ತೂಕವೇ ಬೇರೆಯಾಗುತ್ತಿತ್ತು. ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು ಎಂಬ ಸಂಕಟದಲ್ಲಿ ಒಂದೊಂದು ಸಾಲನ್ನೂ ಓದುತ್ತಿದ್ದೆವು.

ಇದರಿಂದ ಇನ್ನೊಂದು ನಷ್ಟವೂ ಆಗಿದೆ, ನನ್ನ ಪಾಲಿಗೆ ಅದೇ ದೊಡ್ಡದು. ತನಗೇನು ಬೇಕು ಎಂದು ತಿಳಿಯಲು ಮನೆ ಬಿಟ್ಟು ಹೊರಟವಳು ಕ್ಯಾಮ್ರಿನ್. ಎಲ್ಲರೂ ಬದುಕುವಂತೆ ತಾನೂ ಬದುಕಲೇಬೇಕೆ ಎಂಬುದು ಅವಳ ಪ್ರಶ್ನೆ. ಟೆಕ್ಸಾಸ್ ಸೇರಿ ಕಾಯಿಲೆಯ ವಿಷಯ ಎದ್ದ ಮೇಲೆ ಆ ಪ್ರಶ್ನೆಯನ್ನು ಕೇಳುವವರೇ ಇಲ್ಲ. ಅವನು ಉಳಿಯುತ್ತಾನೆಯೇ ಎಂಬುದಷ್ಟೇ ಉಳಿಯುತ್ತದೆ. ಏಮಿಯ ಕಥೆಯಲ್ಲಾದರೆ ರೋಜರ್ ಎಷ್ಟೇ ಒಳ್ಳೆಯವನಿರಲಿ, ಅವಳ ಗಂಟನ್ನು ಅವನು ಬಿಡಿಸುವುದಿಲ್ಲ. ಕೊನೆಗೆ ಸ್ಟೇರಿಂಗ್ ಹಿಡಿಯಬೇಕಾದವಳು ಅವಳೇ, ಹಿಡಿಯುತ್ತಾಳೆ ಕೂಡ.

ರೆಡ್ಮರ್ಸ್ಕಿ ಅವರಿಗೆ ಸಲ್ಲಬೇಕಾದ ಮೆಚ್ಚುಗೆಯೂ ಇದೆ. ಬಸ್ಸಿನ ಅಧ್ಯಾಯಗಳು ಬಹಳ ಚೆನ್ನಾಗಿವೆ. ಒಂಟಿ ಹುಡುಗಿಯೊಬ್ಬಳು ರಾತ್ರಿ ಬಸ್ಸಿನಲ್ಲಿ ಬ್ಯಾಗನ್ನು ಎಲ್ಲಿಡಬೇಕು, ಪಕ್ಕಕ್ಕೆ ಯಾರು ಬಂದು ಕೂರಬಹುದು, ನಿದ್ದೆ ಮಾಡಬಹುದೇ ಎಂದು ಯೋಚಿಸುವ ರೀತಿ ದೂರದೂರಿಗೆ ಬಸ್ಸಿನಲ್ಲಿ ಓಡಾಡುವ ನಮ್ಮ ಹೆಣ್ಣುಮಕ್ಕಳಿಗೆ ವಿವರಿಸಬೇಕಾಗಿಲ್ಲ. ನಿಲ್ದಾಣದ ಶೌಚಾಲಯದಲ್ಲಿ ನಡೆಯುವ ಹಲ್ಲೆಯ ಪ್ರಸಂಗ ಓದುವಾಗ ಕೈ ತಣ್ಣಗಾಯಿತು. ಆ ಭಾಗದಲ್ಲಿ ಮ್ಯಾಟ್ಸನ್ ಅವರಿಗಿಂತ ಇವರದೇ ಕೈ ಮೇಲು.

ಉಳಿದದ್ದು ಚುಟುಕಾಗಿ. ಇಂಗ್ಲಿಷ್ ಎರಡರಲ್ಲೂ ಸರಳ, ನಿಘಂಟು ಬೇಕಾಗುವುದಿಲ್ಲ. ಗಾತ್ರದಲ್ಲಿ ಕ್ಯಾಮ್ರಿನ್ ಕಥೆ ದೊಡ್ಡದು, ನಡುವೆ ಸ್ವಲ್ಪ ಎಳೆದಂತಾಗುತ್ತದೆ. ಸಂಗೀತದ ಹುಚ್ಚಿರುವವರಿಗೆ ಎರಡೂ ಇಷ್ಟವಾದಾವು.

ವಯಸ್ಸಿನ ಮಾತು ಮಾತ್ರ ಮುಖ್ಯ. ‘ದಿ ಎಡ್ಜ್ ಆಫ್ ನೆವರ್’ ವಯಸ್ಕರ ಪುಸ್ತಕ, ಶೃಂಗಾರದ ದೃಶ್ಯಗಳು ಬಿಚ್ಚುಮಾತಿನಲ್ಲಿವೆ. ನನ್ನ ತಂಗಿಯ ಮಗಳು ಪಿಯುಸಿ ಓದುತ್ತಿದ್ದಾಳೆ, ನನ್ನ ಕಪಾಟಿನಿಂದ ಕೇಳದೆಯೇ ಪುಸ್ತಕ ಒಯ್ಯುತ್ತಾಳೆ. ಏಮಿಯ ಪುಸ್ತಕ ಅವಳ ಕೈಗೆ ಹೋದರೆ ನನಗೆ ಸಂತೋಷ. ಇನ್ನೊಂದನ್ನು ಮೇಲಿನ ಸಾಲಿಗೆ ಎತ್ತಿಟ್ಟಿದ್ದೇನೆ.

ಜಾನ್ ಗ್ರೀನ್ ಅವರ 2008ರ ‘ಪೇಪರ್ ಟೌನ್ಸ್’ ಅನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ನಾನು ಸೇರಿಸುವುದಿಲ್ಲ, ಏಕೆಂದರೆ ಪ್ರಯಾಣ ಬರುವುದು ಕೊನೆಯ ಭಾಗದಲ್ಲಷ್ಟೇ. ಫ್ಲಾರಿಡಾದಿಂದ ಅದರ ಪಾತ್ರಗಳು ಹುಡುಕಿಕೊಂಡು ಹೋಗುವ ಆಗ್ಲೋ ಎಂಬ ಊರಿನ ಹಿನ್ನೆಲೆ ಮಾತ್ರ ಸ್ವಾರಸ್ಯಕರ: ತಮ್ಮ ನಕ್ಷೆಯನ್ನು ಬೇರೆಯವರು ನಕಲು ಮಾಡಿದರೆ ಹಿಡಿಯಲು 1930ರ ದಶಕದಲ್ಲಿ ನಕ್ಷೆಕಾರರು ನ್ಯೂಯಾರ್ಕ್ ರಾಜ್ಯದಲ್ಲಿ ಕಲ್ಪಿಸಿ ಬರೆದ ಊರು ಅದು. ಪ್ರೇಮಕಥೆ ಬಯಸಿ ಕೊಂಡರೆ ನಿರಾಶೆಯಾದೀತು.

ಯಾವುದನ್ನು ಯಾವ ರೂಪದಲ್ಲಿ ಕೊಳ್ಳಬೇಕು ಎಂಬುದಕ್ಕೆ ನನ್ನ ಅಭ್ಯಾಸವೇ ಆಧಾರ. ನಾನು ಇಷ್ಟವಾದ ಪುಸ್ತಕವನ್ನು ನಡುವಿನಿಂದ ತೆರೆದು ಮತ್ತೆ ಮತ್ತೆ ಓದುವವಳು. ಹಾಗಾಗಿ ಏಮಿಯದನ್ನು ಕಾಗದದಲ್ಲೇ ಕೊಳ್ಳಿ ಎನ್ನುತ್ತೇನೆ. ಮೊಬೈಲ್ ಪರದೆಯ ಮೇಲೆ ರಸೀದಿಯ ಸಣ್ಣ ಅಕ್ಷರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವುದರಲ್ಲಿ ಸುಖವಿಲ್ಲ. ಹಳೆಯ ಪ್ರತಿಯಾದರೆ ಆ ಪುಟಗಳು ಹರಿಯದೆ ಉಳಿದಿವೆಯೇ ಎಂದು ಅಂಗಡಿಯಲ್ಲೇ ನಿಂತು ತಿರುವಿ ನೋಡಿ. ಕ್ಯಾಮ್ರಿನ್ ಕಥೆಯಲ್ಲಿ ಹಾಗೆ ನೋಡಿ ಸವಿಯಬೇಕಾದ ಪುಟಗಳಿಲ್ಲ, ಇ-ಪುಸ್ತಕ ಸಾಕು. ಒಂದು ಸಲ ಓದಿ ಅತ್ತು ಹಗುರಾಗಬೇಕು ಎನ್ನುವವರಿಗೆ ಅದು ಒಗ್ಗುತ್ತದೆ. ಅದಕ್ಕೆ 2013ರಲ್ಲಿ ಮುಂದಿನ ಭಾಗವೂ ಬಂದಿದೆ. ನಾನು ಕೊಂಡಿಲ್ಲ. ಆ ದುಡ್ಡಿಗೆ ಏಮಿಯ ಇನ್ನೊಂದು ಪ್ರತಿ ಸಿಕ್ಕರೆ ತಂಗಿಯ ಮಗಳಿಗೇ ಕೊಟ್ಟುಬಿಡುವ ಯೋಚನೆಯಿದೆ.