ಸ್ಟೈಲಿಂಗ್ ಹೆಸರಿನಲ್ಲಿ ನಮ್ಮ ಬಟ್ಟಲು, ನ್ಯಾಪ್‌ಕಿನ್‌ಗಳಿಗೆ ಆದದ್ದು: ಫೋಟೋಕ್ಕೆ ಕೊಡುವ ಮೊದಲು ಓದಿ

ಮಂಗಳೂರು, ಉಡುಪಿ ಕಡೆ ಕೈಯಿಂದ ಮಾಡಿದ ಪಾತ್ರೆ, ತಟ್ಟೆ, ಅಡುಗೆಮನೆ ಬಟ್ಟೆ ಮಾರುವವರು ಈಗ ತುಂಬ ಜನ ಇದ್ದಾರೆ. ನನಗೆ ಗೊತ್ತಿರುವವರಲ್ಲಿ ಹೆಚ್ಚಿನವರು ಹೆಂಗಸರು, ಮನೆಯ ಒಂದು ಕೋಣೆಯಿಂದಲೇ ವ್ಯಾಪಾರ ನಡೆಸುವವರು. ಆನ್‌ಲೈನಿಗೆ ಹಾಕುತ್ತೇವೆ ಎಂದ ಕೂಡಲೇ ಎಲ್ಲರೂ ಕೊಡುವ ಸಲಹೆ ಒಂದೇ: ಒಳ್ಳೆ ಫೋಟೋ ತೆಗೆಸಿ. ಸಲಹೆ ಸರಿಯೇ. ಆದರೆ "ಸ್ಟೈಲಿಂಗ್ ಸಮೇತ ಪ್ಯಾಕೇಜ್" (ತಿಂಡಿ, ಹಣ್ಣು ಎಲ್ಲ ಜೋಡಿಸಿ ಅಲಂಕರಿಸಿ ಫೋಟೋ ತೆಗೆಯುವುದು) ಎನ್ನುವವರ ಕೈಗೆ ಸಾಮಾನು ಕೊಡುವ ಮೊದಲು, ಅದರ ಮೇಲೆ ಏನು ಹಾಕಬಹುದು, ಏನು ಹಾಕಬಾರದು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಫೋಟೋ ತೆಗೆಯುವಾಗ ನೀವು ಅಲ್ಲೇ ಇರಿ. ಇದಕ್ಕೆ ಒಪ್ಪದವರಿಗೆ ಕೊಡಬೇಡಿ.

ನಾನು ಮತ್ತು ನನ್ನ ಅತ್ತಿಗೆ ಉಡುಪಿಯಲ್ಲಿ ಈ ವ್ಯಾಪಾರ ಮಾಡುತ್ತೇವೆ. ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಮಾಡಿದ ಬಟ್ಟಲು, ಗ್ಲೇಜ್ ಇಲ್ಲದ ಮಣ್ಣಿನ ಬಿಸಲೆ ಅಂದರೆ ಅಡುಗೆ ಪಾತ್ರೆ, ಕರಟದ ಸೌಟು, ಕೈಮಗ್ಗದ ನ್ಯಾಪ್‌ಕಿನ್, ಕೈ ಒರೆಸುವ ಬಟ್ಟೆ, ಟೇಬಲ್ ರನ್ನರ್. ಬಟ್ಟೆಗೆ ಬಣ್ಣ ಗಿಡಮೂಲಿಕೆಯದ್ದು. ನೀಲಿಗೆ ನೀಲಿಗಿಡ, ಬೂದುಬಣ್ಣಕ್ಕೆ ಅಳಲೆಕಾಯಿ ಮತ್ತು ಕಬ್ಬಿಣದ ನೀರು. ಮಂಗಳೂರಿನ ಒಂದು ಸ್ಟುಡಿಯೋದವರು ಪೇಜ್ ನೋಡಿ ಅವರಾಗಿಯೇ ಮೆಸೇಜ್ ಮಾಡಿದರು. ಅವರ ಹೆಸರು ಬರೆಯುವುದಿಲ್ಲ, ಯಾಕೆಂದರೆ ವಿಷಯ ಇನ್ನೂ ಮುಗಿದಿಲ್ಲ. ಅರ್ಧಕ್ಕಿಂತ ಜಾಸ್ತಿ ಹಣ ಅಡ್ವಾನ್ಸ್ ಕೇಳಿದರು, ಕೊಟ್ಟೆವು. ಬಣ್ಣದ ಬಟ್ಟೆಗೆ ಹುಳಿ ತಾಗಿಸಬಾರದು, ಮಣ್ಣಿನ ಪಾತ್ರೆಗೆ ಎಣ್ಣೆ ಹಾಕಬಾರದು ಎಂದು ವಾಟ್ಸಾಪಿನಲ್ಲಿ ಸ್ಪಷ್ಟವಾಗಿ ಬರೆದೆ. ಅವರು ಹೆಬ್ಬೆರಳು ಎತ್ತಿದ ಗುರುತು ಹಾಕಿದರು, ಅಷ್ಟೇ.

ಶೂಟಿನ ದಿನ ಬರಬೇಡಿ ಎಂದರು. ಕ್ಲೈಂಟ್ ಎದುರಿಗಿದ್ದರೆ ಕೆಲಸ ಸಾಗುವುದಿಲ್ಲವಂತೆ. ಅತ್ತಿಗೆ ಕೇಳಲಿಲ್ಲ, ಎಕ್ಸ್‌ಪ್ರೆಸ್ ಬಸ್ ಹತ್ತಿ ಹೋದರು. ಅವರು ಒಳಗೆ ಕಾಲಿಡುವಾಗ ಬೂದುಬಣ್ಣದ ನ್ಯಾಪ್‌ಕಿನ್ ಮೇಲೆ ಕತ್ತರಿಸಿದ ನಿಂಬೆಹಣ್ಣಿನ ಹೋಳುಗಳು ಕೂತಿದ್ದವು. ಪಕ್ಕದಲ್ಲಿ ಒಂದು ಬಟ್ಟಲು ಸಾರು, ಒಂದು ಕಟ್ಟು ಕೊತ್ತಂಬರಿ. ಫೋಟೋದಲ್ಲಿ ನೋಡಿದರೆ ಚೆಂದವೇ. ಅತ್ತಿಗೆ ಹೋಳನ್ನು ಎತ್ತಿದರು. ಅಡಿಯಲ್ಲಿ ಬಟ್ಟೆ ದುಂಡಗೆ ಬಿಳಚಿಕೊಂಡಿತ್ತು, ಅಂಚಿನಲ್ಲಿ ಸ್ವಲ್ಪ ಹಳದಿ. ಅಳಲೆಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಆ ಕಪ್ಪು ಛಾಯೆ ಬರುತ್ತದೆ. ಹುಳಿ ತಾಗಿದರೆ ಆ ಜೋಡಣೆಯೇ ಬಿಟ್ಟುಹೋಗುತ್ತದೆ. ತೊಳೆದರೆ ಬಣ್ಣ ವಾಪಸ್ ಬರುವುದಿಲ್ಲ. ಒಂದು ಸೆಟ್ಟಿನ ಎಲ್ಲ ನ್ಯಾಪ್‌ಕಿನ್ ಮೇಲೂ ಅದೇ ದುಂಡು ಗುರುತು, ಯಾಕೆಂದರೆ ಹೋಳನ್ನು ಒಂದರ ಮೇಲಿಂದ ತೆಗೆದು ಇನ್ನೊಂದರ ಮೇಲೆ ಇಟ್ಟಿದ್ದರು.

"ಎಂತ ಆಗುದಿಲ್ಲ ಅಕ್ಕ, ತೊಳೆದ್ರೆ ಹೋಗ್ತದೆ" ಎಂದು ಅಲ್ಲಿದ್ದ ಹುಡುಗ ಹೇಳಿದನಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ನನ್ನ ಮೆಸೇಜು ಯಜಮಾನರ ಫೋನಿನಲ್ಲೇ ಉಳಿದಿತ್ತು.

ಬಿಳಿ ಕೈಮಗ್ಗದ ಬಟ್ಟೆಯ ಕಥೆ ಬೇರೆ. ನೀರುದೋಸೆ ಪಕ್ಕ ಕಡಲೆ ಗಸಿ "ಸಹಜವಾಗಿ ಚೆಲ್ಲಿದ ಹಾಗೆ" ಕಾಣಬೇಕೆಂದು ನಿಜವಾದ ಗಸಿಯನ್ನೇ ಚೆಲ್ಲಿದ್ದಾರೆ. ಆಮೇಲೆ ಸೋಪು ಹಾಕಿ ಉಜ್ಜಿದ್ದಾರೆ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಅಲ್ವಾ, ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಬಿಸಿಲಿಗೆ ಹಾಕಿ ಹಾಕಿ ಅರಿಶಿನವೇನೋ ಮಸುಕಾಯಿತು, ಎಣ್ಣೆಯ ಕಲೆ ಉಳಿಯಿತು. ಕಲೆಯಾದ ಬಟ್ಟೆಗಳನ್ನು ಅರೆ ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮಳೆಗಾಲದಲ್ಲಿ, ತಿಂಗಳಾನುಗಟ್ಟಲೆ ಮೂಲೆಯಲ್ಲಿಟ್ಟು ಕೊಟ್ಟರು. ನಮ್ಮ ಜೂನ್, ಜುಲೈ ತಿಂಗಳ ತೇವ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಮಡಿಕೆಯ ಉದ್ದಕ್ಕೂ ಕರಿಚುಕ್ಕೆ ಕೂತಿತ್ತು.

ಇದಕ್ಕಿಂತ ನನಗೆ ಹೆಚ್ಚು ಸಂಕಟ ಆದದ್ದು ಪಾತ್ರೆಗಳ ವಿಷಯದಲ್ಲಿ. ಬಟ್ಟೆ ಹಾಳಾದರೆ ನಷ್ಟ. ಪಾತ್ರೆಯಲ್ಲಿ ಜನ ಊಟ ಮಾಡುತ್ತಾರೆ.

ಬಿಸಲೆ ಮತ್ತು ಕರಟದ ಸೌಟು ಹೊಳೆಯಲಿ ಎಂದು ಬೇಬಿ ಆಯಿಲ್ ಹಚ್ಚಿದ್ದರು. ಅದು ಪೆಟ್ರೋಲಿಯಂನಿಂದ ಬರುವ ಮಿನರಲ್ ಆಯಿಲ್, ಜೊತೆಗೆ ಸುಗಂಧ. ಗ್ಲೇಜ್ ಇಲ್ಲದ ಮಣ್ಣು ಎಣ್ಣೆಯನ್ನು ಒಳಗೇ ಹೀರಿಕೊಳ್ಳುತ್ತದೆ. ಸೌಟನ್ನಾದರೂ ಒರೆಸಬಹುದು, ಬಿಸಲೆಯನ್ನು ಏನು ಮಾಡುವುದು? ಒಲೆ ಮೇಲಿಟ್ಟು ನೀರು ಕಾಯಿಸಿದರೆ ಹಬೆಯಲ್ಲಿ ಪೌಡರ್ ವಾಸನೆ. ಅದರಲ್ಲಿ ಮೀನು ಸಾರು ಮಾಡಿ ಎಂದು ನಾನು ಯಾರಿಗೂ ಕೊಡಲಾರೆ.

ಗ್ಲೇಜ್ ಬಟ್ಟಲುಗಳಿಗೆ ಆದದ್ದು ನಮಗೆ ತಿಳಿದದ್ದೇ ಅವರ ರೀಲಿನಿಂದ. "ಶೂಟಿನ ಹಿಂದೆ" ಎಂದು ಅವರೇ ಹಾಕಿದ್ದ ವಿಡಿಯೋದಲ್ಲಿ ಒಬ್ಬರು ಬಟ್ಟಲಿನ ಒಳಗೂ ಹೊರಗೂ ಕ್ಯಾನಿನಿಂದ ಸ್ಪ್ರೇ ಹೊಡೆಯುತ್ತಿದ್ದರು. ಹೊಳಪು ಕೊಲ್ಲುವ ಡಲ್ಲಿಂಗ್ ಸ್ಪ್ರೇ ಅದು. ಲೈಟಿನ ಬಿಳಿ ಚುಕ್ಕೆ ಪಾತ್ರೆಯಲ್ಲಿ ಕಾಣಬಾರದೆಂದು ಹೊಡೆಯುತ್ತಾರೆ. ಫೋಟೋಕ್ಕಷ್ಟೇ ಬಳಸಿ ಬಿಸಾಡುವ ವಸ್ತುವಾದರೆ ಪರವಾಗಿಲ್ಲ. ಊಟದ ಬಟ್ಟಲಿಗೆ ಅಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆ, ಬೆರಳಿಗೆ ಅಂಟಂಟು, ಬಟ್ಟಲಿನ ಮೇಲೆ ಹೊಗೆ ಹಿಡಿದ ಹಾಗೆ ಬಿಳಿ ಪದರ. ನಮಗೆ ಹೇಳಿರಲೇ ಇಲ್ಲ. ಆ ವಿಡಿಯೋ ನೋಡದೇ ಇದ್ದಿದ್ದರೆ ಅವು ಪ್ಯಾಕ್ ಆಗಿ ಯಾರದೋ ಮನೆಗೆ ಹೋಗುತ್ತಿದ್ದವು.

ಹೊಳಪು ತಡೆಯಲು ಸ್ಪ್ರೇ ಬೇಕೆಂದೇ ಇಲ್ಲ. ಕಿಟಕಿಗೆ ಒಂದು ತೆಳು ಬಿಳಿ ಮುಂಡು ಕಟ್ಟಿದರೆ ಬೆಳಕು ಹರಡಿಕೊಳ್ಳುತ್ತದೆ, ಚೂಪಾದ ಚುಕ್ಕೆ ಹೋಗುತ್ತದೆ. ಬಟ್ಟಲನ್ನು ಸ್ವಲ್ಪ ತಿರುಗಿಸಿ, ಕ್ಯಾಮರಾದ ಕೋನ ಬದಲಿಸಿ. ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರ್ ಹಾಕಿದರೆ ಗ್ಲೇಜಿನ ಪ್ರತಿಫಲನ ಇನ್ನಷ್ಟು ಇಳಿಯುತ್ತದೆ. ಮೋಡ ಕವಿದ ದಿನದ ನಮ್ಮೂರ ಬೆಳಕು ಈ ಕೆಲಸಕ್ಕೆ ತುಂಬ ಒಳ್ಳೆಯದು. ಪಾತ್ರೆ ಫೋಟೋ ತೆಗೆದು ಅನುಭವ ಇರುವ ಯಾರೇ ಆದರೂ ಇದನ್ನು ಮೊದಲು ಮಾಡುತ್ತಾರೆ. ನೇರ ಕ್ಯಾನಿಗೆ ಕೈ ಹಾಕುವವರಿದ್ದರೆ ಜಾಗ್ರತೆ.

ಇನ್ನು ಫೋಟೋಗಳು. ನಮ್ಮ ಹಸಿರು ಮಿಶ್ರಿತ ನೀಲಿ ಬಟ್ಟಲು ಅವರ ಫೋಟೋದಲ್ಲಿ ಅಪ್ಪಟ ನೀಲಿ. ನೀಲಿಗಿಡದ ಬಟ್ಟೆ ನೇರಳೆ. ಕಾರಣ ಕಷ್ಟದ್ದೇನಲ್ಲ. ಒಂದು ಬದಿಯಿಂದ ಕಿಟಕಿ ಬೆಳಕು, ಇನ್ನೊಂದು ಬದಿಯಿಂದ ಹಳದಿ ಬಲ್ಬು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಹಗಲು ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬು 2700ರಿಂದ 3000. ಎರಡೂ ಒಂದೇ ಫ್ರೇಮಿನಲ್ಲಿ ಬಿದ್ದರೆ ಒಂದನ್ನು ಸರಿ ಮಾಡುವಾಗ ಇನ್ನೊಂದು ಕೆಡುತ್ತದೆ. ಅದರ ಮೇಲೆ ಎಲ್ಲ ಫೋಟೋಗೂ ಒಂದೇ ಪ್ರೀಸೆಟ್ (ಬಣ್ಣ ಬದಲಿಸುವ ಸಿದ್ಧ ಸೆಟ್ಟಿಂಗ್) ಒತ್ತಿದ್ದಾರೆ. ಬೂದು ಕಾರ್ಡ್ ಇಟ್ಟು ಒಂದು ಶಾಟ್ ತೆಗೆದು ಬಣ್ಣ ಹೊಂದಿಸಿಕೊಳ್ಳುವುದು ಎರಡು ನಿಮಿಷದ ಕೆಲಸ, ಅದೂ ಇಲ್ಲ. ಅಳತೆಯೂ ಮೋಸ ಹೋಗುವ ಹಾಗಿತ್ತು. ಅಂಗೈ ಅಗಲದ ತಟ್ಟೆಯ ಪಕ್ಕ ಪುಟಾಣಿ ಏಲಕ್ಕಿ ಬಾಳೆಹಣ್ಣು ಇಟ್ಟು ಊಟದ ತಟ್ಟೆಯಂತೆ ಕಾಣಿಸಿದ್ದರು. ಒಂದು ಕೈ ಅಥವಾ ಮಾಮೂಲಿ ಸ್ಟೀಲ್ ಲೋಟ ಫ್ರೇಮಿನಲ್ಲಿದ್ದರೆ ಯಾರಿಗೂ ಗೊಂದಲ ಆಗುವುದಿಲ್ಲ.

ಬಣ್ಣ ಅಷ್ಟೊಂದು ಮುಖ್ಯವಾ ಎಂದು ಸ್ಟುಡಿಯೋದವರು ಕೇಳಿದರು. ಮುಖ್ಯ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ್ದು ನಿಜವಾದ ವಸ್ತುವಿಗೆ ಹೊಂದಬೇಕು. ಹೊಂದದಿದ್ದರೆ ವಸ್ತು ವಾಪಸ್ ತೆಗೆದುಕೊಳ್ಳಲು ಮಾರುವವರು ನಿರಾಕರಿಸುವಂತಿಲ್ಲ. ಅಂದರೆ ಸ್ಟುಡಿಯೋದವರ ಪ್ರೀಸೆಟ್ಟಿಗೆ ಉತ್ತರ ಕೊಡಬೇಕಾದವರು ನಾವು. ಆ ಫೋಟೋ ನೋಡಿ ಬಟ್ಟಲು ತರಿಸಿದ ಬೆಂಗಳೂರಿನ ಒಬ್ಬರು ಬೇರೆ ಬಣ್ಣ ಕಳಿಸಿದ್ದೀರಿ ಎಂದು ವಾಪಸ್ ಮಾಡಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಣ ಕೊಟ್ಟೆವು. ಬರುವ ದಾರಿಯಲ್ಲಿ ಬಟ್ಟಲಿನ ಅಂಚು ಒಡೆದಿತ್ತು.

ಹಾಳಾದ ಸಾಮಾನಿನ ಹಣ ಕೇಳಿದ್ದಕ್ಕೆ ಸ್ಟುಡಿಯೋದವರು ಕೊಟ್ಟ ಉತ್ತರ: ನಿಮ್ಮ ಬಣ್ಣವೇ ಗಟ್ಟಿ ಇಲ್ಲ. ಮೇಲಿಂದ ಇನ್ನೊಂದು ಮಾತು. ಫೋಟೋಗಳ ಹಕ್ಕು ತಮ್ಮದು, ಪೇಜಿಗೆ ಮಾತ್ರ ಬಳಸಬಹುದು, ಮಾರಾಟ ಮೇಳದ ಬ್ಯಾನರಿಗೆ ಹಾಕಿದರೆ ಬೇರೆ ದುಡ್ಡು ಎಂದರು. ಇಲ್ಲಿ ತುಂಬ ಜನ ಹೆದರಿ ಕೊಟ್ಟುಬಿಡುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ನೋಡಿ. ನೀವು ಹಣ ಕೊಟ್ಟು, ನಿಮ್ಮ ಕೋರಿಕೆಯ ಮೇಲೆ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ನೀವು, ಬೇರೆ ರೀತಿ ಒಪ್ಪಂದ ಆಗಿರದಿದ್ದರೆ. ಆ ಕೊನೆಯ ಮಾತನ್ನು ಮರೆಯಬೇಡಿ. ಕೊಟೇಶನ್ನಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹಕ್ಕು ಸ್ಟುಡಿಯೋದ್ದು ಎಂದಿದ್ದು, ಅದಕ್ಕೆ ನೀವು ಸಹಿ ಹಾಕಿದರೆ ಕಥೆ ಬೇರೆಯಾಗುತ್ತದೆ. ನಮ್ಮ ಕೊಟೇಶನ್ನಿನಲ್ಲಿ ಅಂಥ ಸಾಲು ಇರಲಿಲ್ಲ. ಪರಿಚಯದ ವಕೀಲರು ಇದನ್ನೇ ಬರೆದು ಕಳಿಸಿದ ಮೇಲೆ ಆ ಬೇಡಿಕೆ ನಿಂತಿದೆ. ಸಾಮಾನಿನ ಹಣ ಮಾತ್ರ ಇನ್ನೂ ಬಂದಿಲ್ಲ.

ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ತಯಾರಿಯಲ್ಲಿದ್ದೇವೆ. ವ್ಯಾಪಾರಕ್ಕೆ ಪಡೆದ ಸೇವೆಗೆ ಅಲ್ಲಿ ಜಾಗ ಇಲ್ಲ ಎಂದು ಕೆಲವರು ಹೇಳುತ್ತಾರೆ. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗ ಮಾಡುವವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಅದರಲ್ಲಿ ಬರೆದಿರುವುದು ಕೊಂಡ ವಸ್ತುಗಳ ಬಗ್ಗೆ. ಸೇವೆಗೂ ಅದು ಸಿಗುತ್ತದೆಯೇ ಎಂದು ವಕೀಲರನ್ನು ಕೇಳಿಕೊಳ್ಳಬೇಕು. ದೂರು ಕೊಡಲು ಎರಡು ವರ್ಷದ ಗಡುವು. ಸುಮ್ನೆ ಕೂರುವ ಬದಲು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಿ, ಕನ್ನಡದಲ್ಲೂ ಮಾತಾಡುತ್ತಾರೆ.

ಈಗ ಯಾರಿಗಾದರೂ ಸಾಮಾನು ಕೊಡುವುದಾದರೆ ನಾವು ಮೊದಲು ಒಂದೇ ಬಟ್ಟಲು, ಒಂದೇ ನ್ಯಾಪ್‌ಕಿನ್ ಕೊಡುತ್ತೇವೆ. ಫೋಟೋವನ್ನು ನಮ್ಮ ಫೋನಿನಲ್ಲಿ ತೆರೆದು, ಕಿಟಕಿ ಬಳಿ ನಿಜವಾದ ಬಟ್ಟಲಿನ ಪಕ್ಕ ಹಿಡಿದು ನೋಡುತ್ತೇವೆ. ಹೊಂದಿದರೆ ಮಾತ್ರ ಉಳಿದದ್ದು. ಕೊಡುವಾಗ ಪ್ರತಿ ವಸ್ತುವಿನ ಫೋಟೋ, ಬೆಲೆ ಸಮೇತ ಪಟ್ಟಿ, ಅದರ ಅಡಿಯಲ್ಲಿ ಅವರ ಸಹಿ. ಊಟದ ಪಾತ್ರೆಗೆ ತಿನ್ನುವ ವಸ್ತು ಬಿಟ್ಟು ಏನೂ ತಾಗಬಾರದು, ಗಸಿ, ಹುಳಿ ಬೇಕಾದರೆ ಸ್ಟೈಲಿಂಗಿಗೆಂದೇ ನಾವು ಕೊಡುವ ಎರಡನೇ ದರ್ಜೆಯ ಬಟ್ಟೆ ಬಳಸಬೇಕು ಎಂದು ಅದರಲ್ಲೇ ಬರೆದಿರುತ್ತದೆ. ಹಣ ಮೂರು ಕಂತು, ಕೊನೆಯದ್ದು ಸಾಮಾನು ವಾಪಸ್ ಎಣಿಸಿಕೊಂಡ ಮೇಲೆ. ಇದಕ್ಕೆ ಸಂತೋಷದಿಂದ ಒಪ್ಪಿದ ಒಬ್ಬ ಫೋಟೋಗ್ರಾಫರ್ ಉಡುಪಿಯಲ್ಲೇ ಸಿಕ್ಕಿದರು. ಪಟ್ಟಿ ನೋಡಿ, ನನಗೂ ಇದು ಒಳ್ಳೆಯದೇ ಎಂದರು.

ಸ್ಪ್ರೇ ಬಿದ್ದ ಬಟ್ಟಲುಗಳನ್ನೂ ಬೇಬಿ ಆಯಿಲ್ ಕುಡಿದ ಬಿಸಲೆಗಳನ್ನೂ ಬೇರೆ ಇಟ್ಟಿದ್ದೇವೆ, ಮಾರುವುದಿಲ್ಲ. ನೀವೂ ಹೀಗೆ ಸ್ಟುಡಿಯೋಕ್ಕೆ ಕೊಟ್ಟು ತಂದ ಪಾತ್ರೆ ಮಾರುತ್ತಿದ್ದರೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂಸಿ ನೋಡಿ. ನಮ್ಮ ಪಟ್ಟಿಯ ಮಾದರಿ ಕನ್ನಡದಲ್ಲಿದೆ. ಬೇಕಾದವರು ಕೇಳಿ, ಕಳಿಸುತ್ತೇನೆ.