ಪ್ರಸಿದ್ಧ ಮಾತುಗಳಿಂದ ಇಂಗ್ಲಿಷ್ ಕಲಿಸುವ ಆ್ಯಪ್‌ಗಳು: ಯಾವುದು ಬೇಕು, ಯಾವುದು ಬೇಡ

ದಿನಕ್ಕೊಂದು ಪ್ರಸಿದ್ಧ ಮಾತು ಕೊಟ್ಟು ಇಂಗ್ಲಿಷ್ ಕಲಿಸುವ ಆ್ಯಪ್‌ಗಳಿಂದ ಹೊಸ ಪದಗಳಿಗಿಂತ ವ್ಯಾಕರಣಕ್ಕೇ ಹೆಚ್ಚು ಲಾಭ. ಆರ್ಟಿಕಲ್ (ಎ, ಆ್ಯನ್, ದ) ಪಾಠವನ್ನೇ ನೋಡಿ. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಮಾತು ‘ಒನ್ ಸ್ಮಾಲ್ ಸ್ಟೆಪ್ ಫಾರ್ ಮ್ಯಾನ್’ ಎಂದೇ ಕೇಳಿಸುತ್ತದೆ. ತಾವು ಹೇಳಲು ಹೊರಟಿದ್ದು ‘ಫಾರ್ ಎ ಮ್ಯಾನ್’ ಎಂದು ಅವರು ಆಮೇಲೆ ತಿಳಿಸಿದರು. ‘ಎ’ ಇದ್ದರೆ ಒಬ್ಬ ಮನುಷ್ಯ, ಇಲ್ಲದಿದ್ದರೆ ಇಡೀ ಮನುಕುಲ. ಕನ್ನಡದಲ್ಲಿ ಆರ್ಟಿಕಲ್ ಇಲ್ಲದ್ದರಿಂದ ನಾವು ಸುಲಭವಾಗಿ ಬಿಟ್ಟುಬಿಡುವ ಅಕ್ಷರವೇ ಇದು. ಹತ್ತು ನಿಯಮ ಉರುಹೊಡೆಯುವುದಕ್ಕಿಂತ ಈ ಒಂದು ಸಾಲು ಮೇಲು.

ತೊಡಕೂ ಇದೆ. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ 1961ರ ಭಾಷಣದ ‘ಆಸ್ಕ್ ನಾಟ್’ (ಕೇಳಬೇಡಿ) ಹಳೆಯ ಶೈಲಿ. ಅದನ್ನೇ ಮಾದರಿ ಮಾಡಿಕೊಂಡು ‘ಗೋ ನಾಟ್’ ಎಂದರೆ ಯಾರಿಗಾದರೂ ವಿಚಿತ್ರವಾಗಿ ಕೇಳಿಸುತ್ತದೆ. ಇಂದಿನ ರೂಪ ‘ಡೋಂಟ್ ಗೋ’. ಈ ಎಚ್ಚರಿಕೆ ಕೊಡದ ಆ್ಯಪ್ ಬೇಡ. ಯಾರು, ಯಾವಾಗ ಹೇಳಿದ್ದೆಂದು ನಮೂದಿಸದ್ದೂ ಬೇಡ: ಐನ್‌ಸ್ಟೈನ್ ಹೇಳದ ಎಷ್ಟೋ ಮಾತುಗಳು ಅವರ ಹೆಸರಿನಲ್ಲಿ ಓಡಾಡುತ್ತಿವೆ.

ದಿನಕ್ಕೆ ಒಂದೇ ಸಾಲು ಸಾಕು. ಗಟ್ಟಿಯಾಗಿ ಓದಿ, ಮುಚ್ಚಿಟ್ಟು ಬರೆದು, ಮೂಲದ ಜೊತೆ ಹೋಲಿಸಿ. ಬಿಟ್ಟುಹೋದ ಆರ್ಟಿಕಲ್, ಪ್ರಿಪೊಸಿಷನ್‌ಗಳಿಗೆ (ಇನ್, ಆನ್, ಫಾರ್‌ನಂಥ ಪದಗಳಿಗೆ) ಗುರುತು ಹಾಕಿ. ಆಮೇಲೆ ಅದೇ ಚೌಕಟ್ಟಿನಲ್ಲಿ ಕರ್ತೃವನ್ನೂ ಕಾಲವನ್ನೂ ಬದಲಿಸಿ ಮೂರು ಸ್ವಂತ ವಾಕ್ಯ ಬರೆಯಿರಿ.